ಮೈಗೆ ತಲುಪದ ಸುದ್ದಿ

ಅವರ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದಿ ಇತ್ತು. ‘ಸ’ ಎಂದಾಗಲೆಲ್ಲ ಅಲ್ಲಿಂದ ಸಣ್ಣದೊಂದು ಸಿಳ್ಳೆ ಹೊರಡುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ‘ಉಸಿರು ಬಿಡಿ, ಉಸಿರು ಬಿಡಿ’ ಎನ್ನಬೇಕಾದ ಕೆಲಸ ಅವರದು. ಹಾಗಾಗಿ ಬಾಗಿಲಾಚೆ ಕಾಯುತ್ತ ಕುಳಿತವರಿಗೆ ಒಳಗಿನಿಂದ ಆ ಸಿಳ್ಳೆ ಕೇಳುತ್ತಲೇ ಇರುತ್ತಿತ್ತು. ಮಕ್ಕಳು ನಕ್ಕರೆ ಅವರೂ ನಗುತ್ತಿದ್ದರು.

ಮೂಡಿಗೆರೆ ಪೇಟೆಯಲ್ಲಿ ಒಂದು ಔಷಧಿ ಅಂಗಡಿಯ ಮಹಡಿಯ ಮೇಲೆ ಅವರ ಕೋಣೆ. ಎಲ್ಲರಿಗೂ ಅವರು ಫಿಸಿಯೋ ಮೇಡಂ. ಸೊಂಟ ಹಿಡಿದವರು, ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಕೈ ಮುರಿದುಕೊಂಡವರು ಅಲ್ಲಿಗೆ ಬರುತ್ತಿದ್ದರು. ಯಾವ ಪೆಟ್ಟೂ ಬೀಳದೆ ನೋವು ತಿನ್ನುತ್ತಿದ್ದ ಕೆಲವರೂ ಬರುತ್ತಿದ್ದರು. ದುಃಖವೋ ಹೆದರಿಕೆಯೋ ಮೈಯಲ್ಲಿ ಕೂತುಬಿಟ್ಟರೆ ಅದನ್ನು ಮೈಯ ಮೂಲಕವೇ ಸಡಿಲಿಸುವ ಚಿಕಿತ್ಸೆಯನ್ನು ಅವರು ಎಲ್ಲೋ ದೂರ ಹೋಗಿ ಕಲಿತು ಬಂದಿದ್ದರು. ನಾನು ಆ ಎರಡನೆಯ ಗುಂಪಿನವನು.

ಜಾವಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಹಾಜರಿ, ತೂಕ, ಬಟವಾಡೆ ನೋಡಿಕೊಳ್ಳುವವನು. ಹೆಂಡತಿ ಅಂಗನವಾಡಿ ಸಹಾಯಕಿಯಾಗಿದ್ದಳು. ಕಾಫಿ ಹಣ್ಣು ಕೊಯ್ಲಿನ ಸಮಯ, ಬೆಳಿಗ್ಗೆ, ಮಂಜು ಇನ್ನೂ ಸರಿದಿರಲಿಲ್ಲ. ತೋಟದ ರಸ್ತೆಯಲ್ಲಿ ಅಂಗನವಾಡಿಗೆ ಹೊರಟವಳು ತಿರುವಿನಲ್ಲಿ ಆನೆಗೆ ಎದುರಾದಳು. ಕೂಗು ಕೇಳಿ ನಾನು ತೂಕದ ಶೆಡ್ಡಿನಿಂದ ಓಡಿದೆ. ಅವಳು ರಸ್ತೆಯ ಬದಿಗೆ ಬಿದ್ದಿದ್ದಳು. ಆನೆ ಪಕ್ಕದಲ್ಲೇ ನಿಂತಿತ್ತು. ಕೈ ಚಾಚಿಕೊಂಡು ನುಗ್ಗಿದೆ. ನಮ್ಮ ಮೇಸ್ತ್ರಿ ಹಿಂದಿನಿಂದ ಬಂದು ನನ್ನ ಬಲಗೈಯನ್ನು ತಬ್ಬಿ ಹಿಡಿದರು, ಇನ್ನಿಬ್ಬರು ಸೊಂಟ ಹಿಡಿದರು. ಆನೆ ತಾನಾಗಿ ಕಾಡಿಗೆ ಇಳಿಯುವ ತನಕ ಬಿಡಲಿಲ್ಲ. ಅಷ್ಟು ಹೊತ್ತೂ ಅವಳ ಸೆರಗು ಅಲುಗುತ್ತಿತ್ತು. ಗಾಳಿಗೋ, ಅವಳ ಉಸಿರಿಗೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಮೇಸ್ತ್ರಿ ಮಾಡಿದ್ದು ಸರಿ. ಬಿಟ್ಟಿದ್ದರೆ ನನ್ನ ಮಗಳಿಗೆ ಅಪ್ಪನೂ ಇರುತ್ತಿರಲಿಲ್ಲ. ಅದು ನನಗೆ ಆ ದಿನವೇ ತಿಳಿದಿತ್ತು. ಆದರೂ ಅವರ ಮುಖ ನೋಡಲು ಆಗುತ್ತಿರಲಿಲ್ಲ. ಆಳುಗಳ ಲೆಕ್ಕ ಹೇಳಲು ಬಂದರೆ ತಲೆ ಎತ್ತದೆ ಬರೆದುಕೊಂಡು ಕಳಿಸುತ್ತಿದ್ದೆ.

ನಾನು ಅಳಲಿಲ್ಲ. ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲೆ ಬಲಗೈ ಭುಜದಿಂದ ಮೇಲೇಳದಾಯಿತು. ಮಗಳು ಆಗ ಎರಡನೇ ಕ್ಲಾಸು. ಅವಳಿಗೆ ಜಡೆ ಹಾಕಲಾಗದೆ ದಿನಾ ಬೆಳಿಗ್ಗೆ ಪಕ್ಕದ ಮನೆಗೆ ಕಳಿಸುತ್ತಿದ್ದೆ. ಚಿಕ್ಕಮಗಳೂರಿನ ಮೂಳೆ ಡಾಕ್ಟರು ಸ್ಕ್ಯಾನ್ ಮಾಡಿಸಿ, ಭುಜದಲ್ಲಿ ಏನೂ ತೊಂದರೆಯಿಲ್ಲ ಎಂದರು. ಮನೆಯಲ್ಲಿ ಏನಾಯಿತೆಂದು ಕೇಳಿ ತಿಳಿದುಕೊಂಡು, ಮೂಡಿಗೆರೆಯ ಈ ಮೇಡಂ ಹತ್ತಿರ ಕಳಿಸಿದರು.

ಮೊದಲ ದಿನ ಅವರು ಸ್ಟೂಲ್ ಎಳೆದುಕೊಂಡು ನನ್ನೆದುರು ಕುಳಿತು, ‘ಭುಜ ಮುಟ್ಲಾ?’ ಎಂದು ಕೇಳಿದರು. ಬೇಡ ಎಂದೆ. ಏಕೆ ಹಾಗೆಂದೆನೋ ನನಗೇ ತಿಳಿಯಲಿಲ್ಲ. ಅಲ್ಲಿಯವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಸಾವಿನ ಮನೆಗೆ ಬಂದವರೆಲ್ಲ ಹೆಗಲು ಹಿಡಿದು ಅಲುಗಾಡಿಸಿ, ಗಟ್ಟಿಯಾಗಿರು ಮಾರಾಯ ಎಂದು ಹೇಳಿ ಹೋಗಿದ್ದರು. ಮೇಡಂ ಬೇಸರಪಟ್ಟುಕೊಳ್ಳಲಿಲ್ಲ. ಸ್ಟೂಲನ್ನು ಗೋಡೆಯವರೆಗೂ ಹಿಂದಕ್ಕೆ ಸರಿಸಿ, ‘ಇಷ್ಟು ದೂರ ಸಾಕಾ, ಇನ್ನೂ ಬೇಕಾ?’ ಎಂದರು. ಸಾಕು ಎಂದೆ. ಉಳಿದ ಹೊತ್ತೆಲ್ಲ ಪಾದ ನೆಲಕ್ಕೆ ತಾಗಿರುವುದು ತಿಳಿಯುತ್ತಿದೆಯೇ, ಬೆನ್ನು ಕುರ್ಚಿಗೆ ಒರಗಿದೆಯೇ ಎಂದಷ್ಟೇ ಆಗಾಗ ಕೇಳಿದರು. ಕೆಳಗೆ ರಸ್ತೆಯಲ್ಲಿ ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು. ಇದೆಂಥ ಚಿಕಿತ್ಸೆ ಎಂದುಕೊಂಡು ಮೆಟ್ಟಿಲಿಳಿದೆ. ಆದರೆ ಮುಂದಿನ ವಾರ ಮತ್ತೆ ಹೋದೆ.

ಅವರು ಯಾರನ್ನೂ ಏನನ್ನಿಸುತ್ತಿದೆ ಎಂದು ಕೇಳಿದವರಲ್ಲ. ‘ಎಲ್ಲಿ ಹಿಡ್ಕೊಂಡಿದೆ?’ ಎನ್ನುತ್ತಿದ್ದರು. ಗಂಟಲಲ್ಲಿ ಎಂದರೆ ಗಂಟಲು, ಹೊಟ್ಟೆಯಲ್ಲಿ ಎಂದರೆ ಹೊಟ್ಟೆ, ಅಲ್ಲಿಂದಲೇ ಶುರು. ಮಧ್ಯಾಹ್ನದ ಹೊತ್ತಿಗೆ ಹೋದರೆ ಡಬ್ಬಿ ಬಿಚ್ಚಿ ಅಕ್ಕಿರೊಟ್ಟಿಯಲ್ಲಿ ಅರ್ಧ ಮುರಿದು ಕೈಗಿಡುತ್ತಿದ್ದರು. ಬೇಡ ಎಂದರೆ ಕೇಳುತ್ತಿರಲಿಲ್ಲ. ಮುಟ್ಟಲು ಒಪ್ಪಿಗೆ ಕೇಳುತ್ತಿದ್ದವರು ತಿನ್ನಿಸಲು ಮಾತ್ರ ಯಾರ ಒಪ್ಪಿಗೆಯನ್ನೂ ಕೇಳಿದವರಲ್ಲ.

ಒಮ್ಮೆ ನಾನು, ಆಗಿದ್ದು ಆಗಿಹೋಯಿತು ಅಂತ ನನಗೆ ಗೊತ್ತಿದೆ, ಮತ್ತೆ ಈ ಕೈಗೆ ಯಾಕೆ ಹೀಗೆ ಎಂದು ಕೇಳಿದೆ.

‘ನಿಮ್ಮ ಮನಸ್ಸಿಗೆ ಸುದ್ದಿ ಮುಟ್ಟಿದೆ ರೈಟ್ರೇ. ಮೈಗೆ ಇನ್ನೂ ಮುಟ್ಟಿಲ್ಲ. ಅದು ಇನ್ನೂ ಆ ರಸ್ತೆ ಮೇಲೇ ನಿಂತಿದೆ.’

ದುಃಖ ಹೋಗುತ್ತದೆ ಎಂದು ಅವರು ಒಂದು ದಿನವೂ ಹೇಳಲಿಲ್ಲ.

ಮಳೆಗಾಲ ಹಿಡಿದ ಮೇಲೆ ಒಂದು ದಿನ, ಇವತ್ತು ಮುಟ್ಟಬಹುದು ಎಂದು ನಾನೇ ಹೇಳಿದೆ. ಅವರು ನನ್ನ ಬಲಗೈಯ ಕೆಳಗೆ ತಮ್ಮ ಎರಡೂ ಅಂಗೈ ಕೊಟ್ಟು ಅದರ ಭಾರವನ್ನಷ್ಟೇ ಹೊತ್ತುಕೊಂಡರು. ‘ಈ ಕೈಗೆ ಏನು ಮಾಡ್ಬೇಕು ಅಂತಿದೆ? ನೀವು ಹೇಳ್ಬೇಡಿ. ಅದು ಮಾಡ್ಲಿ’ ಎಂದರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬೆರಳುಗಳು ಅಲುಗಿದವು. ಕೈ ಮೆಲ್ಲಗೆ ಮುಂದಕ್ಕೆ ಹೋಗತೊಡಗಿತು. ನಾನು ಕಳಿಸಿದ್ದಲ್ಲ, ತಾನೇ ಹೊರಟಿತು. ಆ ಬೆಳಿಗ್ಗೆ ಚಾಚಿ ಅರ್ಧದಲ್ಲಿ ನಿಂತಿದ್ದ ಕೈ ಅದು. ಈ ಸಲ ಯಾರೂ ತಡೆಯಲಿಲ್ಲ. ಪೂರ್ತಿ ಚಾಚಿದಾಗ ಎದುರಿಗೆ ಕಿಟಕಿಯ ಪರದೆಯ ಅಂಚು ಬಿಟ್ಟು ಬೇರೇನೂ ಇರಲಿಲ್ಲ. ಅದನ್ನೇ ಹಿಡಿದುಕೊಂಡೆ. ಆಗ ನಡುಕ ಶುರುವಾಯಿತು. ಹಲ್ಲು ಕಟಕಟಿಸಿ ಮಾತು ಹೊರಡದಾಯಿತು. ಮೇಡಂ ಕಂಬಳಿ ಹೊದಿಸಿ, ತಡೆಯಬೇಡಿ, ನಡುಗಲಿ ಎಂದು ಪಕ್ಕದಲ್ಲೇ ಕುಳಿತರು. ನಡುಕ ಇಳಿದ ಮೇಲೆ, ಅಳು ಮಾತ್ರ ಬರುತ್ತಿಲ್ಲವಲ್ಲ ಎಂದೆ. ‘ಇವತ್ತೇ ಬರ್ಬೇಕು ಅಂತ ಏನಿಲ್ಲ’ ಎಂದರು.

ಕೈ ಒಂದೇ ದಿನಕ್ಕೆ ಸರಿಹೋಗಲಿಲ್ಲ. ದೀಪಾವಳಿಯ ಹೊತ್ತಿಗೆ ಮಗಳಿಗೆ ನಾನೇ ಜಡೆ ಹಾಕುತ್ತಿದ್ದೆ, ಸೊಟ್ಟ ಜಡೆ. ಒಂದು ಭಾನುವಾರ ಮೇಸ್ತ್ರಿಯ ಮನೆಗೂ ಹೋಗಿ ಕಾಫಿ ಕುಡಿದೆ. ಹೊರಡುವಾಗ ಅವರು ‘ಅವತ್ತು ನಾನು...’ ಎಂದು ಶುರುಮಾಡಿದರು. ನಾನು ಅವರ ಕೈ ಹಿಡಿದುಕೊಂಡೆ.

ಕೆಲವು ವರ್ಷ ಕಳೆದ ಮೇಲೆ ಪೇಟೆಗೆ ಹೋದಾಗ ಕೋಣೆಗೆ ಬೀಗ ಬಿದ್ದಿತ್ತು. ಮೇಡಂಗೆ ಕ್ಯಾನ್ಸರ್, ಕಳಸದ ಅಕ್ಕನ ಮನೆಗೆ ಹೋಗಿದ್ದಾರೆ ಎಂದು ಕೆಳಗಿನ ಔಷಧಿ ಅಂಗಡಿಯವರು ಹೇಳಿದರು. ನಾನು ನೋಡಲು ಹೋದೆ. ದಿಂಬಿಗೆ ಒರಗಿ ಕುಳಿತಿದ್ದರು, ಗುರುತು ಸಿಗದಷ್ಟು ಸೊರಗಿದ್ದರು. ಮಗಳ ಓದು ವಿಚಾರಿಸಿದರು. ಅಕ್ಕ ಒಳಗೆ ಹೋದ ಮೇಲೆ ದನಿ ತಗ್ಗಿಸಿದರು.

‘ಬಂದೋರೆಲ್ಲ ಧೈರ್ಯವಾಗಿರಿ ಅಂತಾರೆ ರೈಟ್ರೇ. ನಂಗೆ ತುಂಬ ಹೆದ್ರಿಕೆ ಆಗ್ತಿದೆ. ಅದನ್ನ ಯಾರತ್ರ ಹೇಳೋದು?’

‘ನನ್ನತ್ರ ಹೇಳಿ ಮೇಡಂ.’

ಹೇಳಿದರು. ಏನು ಹೇಳಿದರೆಂದು ಇಲ್ಲಿ ಬರೆಯಲಾರೆ. ನಾನು ಸಮಾಧಾನದ ಮಾತು ಆಡಲಿಲ್ಲ, ಕೇಳಿಸಿಕೊಂಡೆ. ಹೇಳುತ್ತ ಹೇಳುತ್ತ ಅವರಿಗೆ ನಿದ್ದೆ ಹತ್ತಿತು. ಅಕ್ಕ ಬಂದು ನೋಡಿ, ಎಷ್ಟೋ ದಿನದ ಮೇಲೆ ಹೀಗೆ ಮಲಗಿದ್ದಾಳೆ, ಎಬ್ಬಿಸಬೇಡಿ ಎಂದು ಪಿಸುಗುಟ್ಟಿದರು.

ತಿಂಗಳು ತುಂಬುವುದರೊಳಗೆ ಮೇಡಂ ಹೋಗಿಬಿಟ್ಟರು. ಕಳಸಕ್ಕೆ ಹೋಗಿ, ಚಿತೆ ಉರಿದು ತಗ್ಗುವವರೆಗೂ ಇದ್ದೆ. ವಾಪಸು ಬರುವಾಗ ದಾರಿಯಲ್ಲಿ ಕಣ್ಣು ಮಂಜಾಯಿತು. ಬೈಕ್ ಬದಿಗೆ ಹಾಕಿ ಇಳಿದೆ. ಅಲ್ಲೇ ನಿಂತು ಅತ್ತೆ. ಒಂದು ಬಸ್ಸು ಹಾದುಹೋಯಿತು, ಜನ ಕಿಟಕಿಯಿಂದ ತಿರುಗಿ ನೋಡಿದರು. ನನಗೆ ನಿಲ್ಲಿಸಬೇಕು ಅನ್ನಿಸಲಿಲ್ಲ.

ಮನೆಗೆ ಬಂದಾಗ ಮಗಳು ಶಾಲೆಯಿಂದ ಬಂದಿದ್ದಳು. ಆಗ ಅವಳು ಹೈಸ್ಕೂಲು. ನನ್ನ ಮುಖ ನೋಡಿ, ‘ಅಪ್ಪ, ಅತ್ತಿದ್ದೀಯಾ?’ ಎಂದಳು. ಹೌದು ಎಂದೆ. ಮೇಡಂ ಹೋದದ್ದಕ್ಕೆಂದು ಬಂದ ಅಳು ಆಮೇಲೆ ನಿನ್ನ ಅಮ್ಮನಿಗಾಗಿ ಆಯಿತು ಎಂದೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು.

‘ನೀನು ಅಳ್ಲೇ ಇಲ್ವಲ್ಲ ಅಪ್ಪ. ಅದಕ್ಕೆ ನಾನೂ ಅಳ್ಬಾರ್ದು ಅಂದ್ಕೊಂಡಿದ್ದೆ.’

ಅಷ್ಟು ಹೇಳಿ ಬಂದು ಪಕ್ಕದಲ್ಲಿ ಕುಳಿತಳು. ಕತ್ತಲಾಗುವವರೆಗೆ ಇಬ್ಬರೂ ಅತ್ತೆವು. ಅವಳ ಅಮ್ಮ ಹೋದ ಮೇಲೆ ನಾವು ಒಟ್ಟಿಗೆ ಅತ್ತದ್ದು ಅದೇ ಮೊದಲು. ಅದನ್ನು ಹೇಳಿಕೊಳ್ಳಲು ನನಗಿದ್ದ ಒಬ್ಬರನ್ನು ಆ ದಿನವೇ ಸುಟ್ಟು ಬಂದಿದ್ದೆ.