ಒಂದು ಕಾರಿಗೆ ಒಂದು ಮತ

ಕಾರಿನಲ್ಲಿ ಯಾರ ಪಕ್ಕ ಯಾರು ಕೂರಬೇಕೆಂಬುದು ಜಗತ್ತಿನ ಗಹನ ಪ್ರಶ್ನೆಗಳಲ್ಲೊಂದು ಎಂದರೆ ನೀವು ನಗಬಹುದು. ಕಳೆದ ತಿಂಗಳವರೆಗೆ ನಾನೂ ನಗುತ್ತಿದ್ದೆ. ಕೊಲ್ಲಿ ದೇಶದ ಈ ಅಲ್ ಗುಬ್ರಾ ಬಡಾವಣೆಯ ನಮ್ಮ ಓದುಬಳಗದಲ್ಲಿ ಹದಿನೈದು ಹೆಂಗಸರು, ಮೂರು ಕಾರು. ಮನೆಯೊಳಗೆ ಕೆಲವರದು ಕೊಂಕಣಿ, ಕೆಲವರದು ಬ್ಯಾರಿ, ಕೆಲವರದು ತುಳು. ಒಟ್ಟಿಗೆ ಕೂತು ಓದಲಿಕ್ಕೆ ಮಾತ್ರ ಕನ್ನಡ. ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಗೆ ಹೋಗುವಾಗ, ತೀರ್ಮಾನಿಸಬೇಕಾದ್ದನ್ನು ದಾರಿಯಲ್ಲೇ ಚರ್ಚಿಸಿ, ಇಳಿದ ಮೇಲೆ ಕಾರಿಗೊಂದರಂತೆ ಮತ ಹೇಳುವುದು ಪದ್ಧತಿ. ಟೈಮ್ ಉಳಿಯುತ್ತದೆಂದು ಅದನ್ನು ಜಾರಿಗೆ ತಂದವಳು ನಾನೇ.

ಕಳೆದ ಸಲದ ಪ್ರಶ್ನೆ: ಮಕ್ಕಳೂ ಬರುವಂತಾಗಲು ಇನ್ನು ಇಂಗ್ಲಿಷ್ ಪುಸ್ತಕಗಳನ್ನೇ ಓದೋಣವೇ? ಕನ್ನಡ ಮಾತಾಡಿದ್ದಕ್ಕೆ ಕಾನ್ವೆಂಟಿನ ಬೆಂಚಿನ ಮೇಲೆ ನಿಂತವಳು ನಾನು; ಎಪ್ಪತ್ತು ದಾಟಿದ ಮೇಲೆ ದಕ್ಕಿದ ಈ ಎರಡು ತಾಸಿನ ಕನ್ನಡವನ್ನೂ ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ನಮ್ಮ ಕಾರಿನ ಐವರೂ ಕನ್ನಡಕ್ಕೆ. ಉಳಿದೆರಡು ಕಾರುಗಳಲ್ಲಿ ಇಬ್ಬಿಬ್ಬರು ಕನ್ನಡಕ್ಕೆ, ಮೂವರು ಮೂವರು ಇಂಗ್ಲಿಷಿಗೆ. ಎರಡು ಕಾರು ಗೆದ್ದವು, ಖಲಾಸ್.

ಸಪ್ಪೆ ಮುಖ ಹೊತ್ತು ಮನೆಗೆ ಬಂದಾಗ ಮೊಮ್ಮಗಳು ರಿಯಾ ಅಮೆರಿಕದ ಚುನಾವಣೆಯ ಬಗ್ಗೆ ಶಾಲೆಯ ಪ್ರಾಜೆಕ್ಟ್ ಬರೆಯುತ್ತಿದ್ದಳು. ಅಲ್ಲಿನ ಪ್ರತಿನಿಧಿ ಸಭೆಗೆ ಕ್ಷೇತ್ರಕ್ಕೊಬ್ಬರನ್ನು ಆರಿಸುವುದರಿಂದ, ದೇಶಾದ್ಯಂತ ಹೆಚ್ಚು ಮತ ಪಡೆದ ಪಕ್ಷಕ್ಕೂ ಸೀಟು ಕಡಿಮೆಯಾಗಬಹುದಂತೆ. ಒಂದು ಪಕ್ಷದವರನ್ನೆಲ್ಲ ಕೆಲವೇ ಕ್ಷೇತ್ರಗಳೊಳಗೆ ತುಂಬುವಂತೆ ಗೆರೆ ಎಳೆದರೂ ಹಾಗಾಗುತ್ತದಂತೆ. ನನ್ನ ಕಥೆ ಕೇಳಿ ಪೆನ್ಸಿಲ್ ಹಿಡಿದಳು. ಕನ್ನಡಕ್ಕೆ ಒಂಬತ್ತು, ಇಂಗ್ಲಿಷಿಗೆ ಆರು.

“ಗ್ರ್ಯಾನಿ, ಯು ಹ್ಯಾಡ್ ದಿ ವೋಟ್ಸ್. ಯಾವ ಕಾರಲ್ಲಿ ಯಾರು ಅಂತ ಡಿಸೈಡ್ ಮಾಡಿದ್ದು ಯಾರು?”

ನಾನೇ. ಹರಟೆಗೊದಗುವ ಗೆಳತಿಯರನ್ನೆಲ್ಲ ನನ್ನ ಕಾರಿಗೇ ತುಂಬಿಕೊಂಡಿದ್ದೆ. ತನ್ನ ವಿರುದ್ಧ ತಾನೇ ಗೆರೆ ಎಳೆದುಕೊಂಡ ರಾಜಕಾರಣಿ ಅಮೆರಿಕದಲ್ಲೂ ಇರಲಿಕ್ಕಿಲ್ಲ.

ತಲೆ ಎಣಿಸೋಣವೆಂದು ಎಲ್ಲರಿಗೂ ಫೋನ್ ಮಾಡಹೊರಟವಳನ್ನು ರಿಯಾ ತಡೆದಳು. ಹಾಗಾದರೆ ಆ ಆರು ಜನಕ್ಕೆ ಝೀರೋ, ಅದೇನು ಫೇರ್ ಎಂದು ಅವಳ ತಕರಾರು. ಮತದ ಪ್ರಮಾಣಕ್ಕೆ ತಕ್ಕಂತೆ ಸೀಟು ಹಂಚುವ ದೇಶಗಳೂ ಇವೆಯಂತೆ. ಲೆಕ್ಕ ಹಾಕಿದರೆ, ಐದು ಸಭೆಗಳಲ್ಲಿ ಮೂರು ಕನ್ನಡಕ್ಕೆ, ಎರಡು ಇಂಗ್ಲಿಷಿಗೆ. ಇಂಗ್ಲಿಷಿನ ಪ್ರಸ್ತಾಪ ತಂದಿದ್ದ ಶಮೀಮಾಗೆ ಅಳುಕುತ್ತಲೇ ಇದನ್ನು ತಿಳಿಸಿದೆ.

“ಆಯ್ತು ಆಂಟಿ. ಆದ್ರೆ ನೀವು ಇನ್ನು ನನ್ನ ಗಾಡಿಯಲ್ಲೇ ಬರ್ಬೇಕು. ನನ್ನ ಮಗಳಿಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ, ಕೇಳ್ಲಿಕ್ಕಾದ್ರೂ ಬರ್ಲಿ.”

ಈ ಶುಕ್ರವಾರ ಶಮೀಮಾಳ ದೊಡ್ಡ ಗಾಡಿಯ ಹಿಂದಿನ ಸೀಟಿನಲ್ಲಿ, ಅವಳ ಪುಟ್ಟ ಮಗಳ ಪಕ್ಕ ಕೂತು ಈ ತಿಂಗಳ ಕನ್ನಡ ಪುಸ್ತಕದ ಮೊದಲ ಪುಟ ಗಟ್ಟಿಯಾಗಿ ಓದಿದೆ. ಅವಳು ಕಿಟಕಿಯಾಚೆಯೇ ನೋಡುತ್ತಿದ್ದಳು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ತಿರುಗದೆಯೇ ಕೇಳಿದಳು: “ದೆನ್?”