ಗೇಟಿನಲ್ಲಿ ನೂಲುವ ಇಂದ್ರಾಬಾಯಿ

ಇಂದ್ರಾಬಾಯಿಯ ಹೆಸರೆತ್ತಿದರೆ ನಮ್ಮ ಆಫೀಸಿನಲ್ಲಿ ಕೆಲವರಿಗೆ ತಲೆನೋವು ಬರುತ್ತದೆ, ಕೆಲವರಿಗೆ ನಗು ಬರುತ್ತದೆ. ನನಗೆ ಅವಳ ಮೇಲೆ ಅಭಿಮಾನವಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನಾಜಿಮಾ ಒಂದು ಕಡೆ ವಾಲಿದಳು ಅಂತ ಆಮೇಲೆ ಯಾರೂ ಮೂಗು ಮುರಿಯಬಾರದು. ವಾಲಿಯೇ ಬರೆಯುತ್ತಿದ್ದೇನೆ.

ನಮ್ಮದು ಕಟ್ಟಡಗಳಿಗೆ ಕಾವಲುಗಾರರನ್ನು ಕೊಡುವ ಕಂಪನಿ. ಬಸವನ ಬಾಗೇವಾಡಿಯಲ್ಲಿ ಒಂದು ಟೈರ್ ಅಂಗಡಿಯ ಮೇಲೆ ಆಫೀಸು. ಬೋರ್ಡು ಆಫೀಸಿಗಿಂತ ದೊಡ್ಡದು. ಇಂಡಿ ಊರಿನ ಲಿಂಬೆಹಣ್ಣಿನ ಗೋದಾಮು, ಸಿಂದಗಿಯ ಒಂದು ಕಾಲೇಜು, ಮುದ್ದೇಬಿಹಾಳದ ಕಲ್ಯಾಣ ಮಂಟಪ, ನಮ್ಮೂರಿನ ಕಾಂಪ್ಲೆಕ್ಸುಗಳು, ಎಲ್ಲ ಕಡೆ ನಮ್ಮ ನೀಲಿ ಅಂಗಿಯವರೇ ನಿಂತಿರುತ್ತಾರೆ. ನಾನು ಕಂಪ್ಯೂಟರ್ ಮುಂದೆ ಕೂತು ಯಾರಿಗೆ ಎಲ್ಲಿ ಡ್ಯೂಟಿ ಅಂತ ಹಾಕುವವಳು. ಮಾಲೀಕರು ಶ್ರೀಶೈಲಪ್ಪನವರು, ಮೊದಲು ತೊಗರಿ ವ್ಯಾಪಾರ ಮಾಡುತ್ತಿದ್ದರು. ಈಗಲೂ ಹೊಸ ಗಾರ್ಡನ್ನು ಕಂಡರೆ ಕಾಳು ನೋಡಿದ ಹಾಗೆ ಹಿಂದೆ ಮುಂದೆ ನೋಡುತ್ತಾರೆ. ಅವರ ಕೆಳಗೆ ಮ್ಯಾನೇಜರ್ ಚೇತನಕುಮಾರ. ಪುಣೆಯಲ್ಲಿ ಏನೋ ಕೋರ್ಸು ಮಾಡಿ ಬಂದವರು. ಬಂದ ದಿನದಿಂದ ನಮ್ಮ ಆಫೀಸಿಗೆ ಶಿಸ್ತು ಎಂಬ ಜ್ವರ ಹತ್ತಿತು.

ಆ ಜ್ವರದ ಮೊದಲ ಲಕ್ಷಣ ಫೋಟೋ. ಪ್ರತಿ ಗಾರ್ಡೂ ಗಂಟೆಗೊಮ್ಮೆ ತನ್ನ ಫೋಟೋ ತೆಗೆದು ಗ್ರೂಪಿಗೆ ಹಾಕಿ, "ಎಲ್ಲ ಸುರಕ್ಷಿತ" ಅಂತ ಬರೆಯಬೇಕು. ಇದರಿಂದ ಸುರಕ್ಷತೆ ಎಷ್ಟು ಹೆಚ್ಚಿತೋ ನಾನರಿಯೆ, ನನಗೆ ಮಾತ್ರ ಎಲ್ಲರ ಹವ್ಯಾಸ ಗೊತ್ತಾಯಿತು. ಇಂಡಿಯ ಕಾಸಿಂಸಾಬ ಗೋದಾಮಿನ ಹಿಂದೆ ಪಾರಿವಾಳ ಸಾಕಿದ್ದಾನೆ. ಅವನ ಟೊಪ್ಪಿಗೆಯ ಮೇಲೊಂದು ಕೂತಿರುವ ಫೋಟೋ ಕೂಡ ಬಂದಿತ್ತು. ಇನ್ನೊಬ್ಬನ ಹಿಂದೆ ಚೌಕಾಬಾರದ ಮನೆಗಳು ಸುಣ್ಣದಲ್ಲಿ ಬರೆದಿದ್ದು ಕಾಣುತ್ತಿತ್ತು. ಒಬ್ಬನಂತೂ ಕಣ್ಣು ಮುಚ್ಚಿಕೊಂಡೇ ಫೋಟೋದಲ್ಲಿರುತ್ತಿದ್ದ. ಮಲಗಿದವನ ಫೋಟೋ ಯಾರು ತೆಗೆದರು ಅಂತ ನಾನು ಕೇಳಲು ಹೋಗಲಿಲ್ಲ.

ಇಂದ್ರಾಬಾಯಿಯ ಫೋಟೋದಲ್ಲಿ ಕದಿರು ಇರುತ್ತಿತ್ತು. ಕದಿರು ಎಂದರೆ ಮತ್ತೇನಲ್ಲ, ಒಂದು ಕಡ್ಡಿ, ಅದರ ಬುಡಕ್ಕೆ ಒಂದು ದುಂಡು ಬಿಲ್ಲೆ. ಎಡಗೈಗೆ ಹಿಂಜಿದ ಉಣ್ಣೆ ಸುತ್ತಿಕೊಂಡು, ಬಲಗೈಯಿಂದ ಕದಿರನ್ನು ತಿರುವಿ ಬಿಟ್ಟರೆ ಅದು ನೂಲಿನ ತುದಿಯಲ್ಲಿ ಜೋತಾಡುತ್ತ ಗರಗರ ತಿರುಗುತ್ತದೆ, ಉಣ್ಣೆ ನೂಲಾಗಿ ಇಳಿಯುತ್ತದೆ. ಇದಕ್ಕೆ ಕೂರಬೇಕಿಲ್ಲ, ಕೆಳಗೆ ನೋಡಬೇಕಿಲ್ಲ. ಕುರಿ ಕಾಯುವವರು ಇದನ್ನು ನಿಂತಲ್ಲೇ, ನಡೆಯುತ್ತಲೇ ಮಾಡುತ್ತಾರೆ.

ಅವಳ ತವರು ಆಲಮೇಲದ ಕಡೆ, ಭೀಮಾ ದಂಡೆಯ ಕುರಿಗಾರರ ಮನೆ. ನಡೆಯಲು ಕಲಿತ ಮೇಲೆ ಅವಳು ಕಲಿತ ಮೊದಲ ಕೆಲಸ ನೂಲುವುದಂತೆ. ಗೊಳಸಂಗಿಯ ಸಿದ್ಧರಾಮನಿಗೆ ಕೊಟ್ಟು ಮದುವೆ ಮಾಡಿದರು, ಅಲ್ಲೂ ಕುರಿಯೇ. ಆಗ ಹೊಲದವರು ತಾವಾಗಿ ಕರೆದು, ಗೊಬ್ಬರವಾಗಲಿ ಅಂತ ಹಿಂಡನ್ನು ರಾತ್ರಿ ತಮ್ಮ ಹೊಲದಲ್ಲಿ ತರುಬಿಸಿಕೊಂಡು, ಜೋಳ ಕೊಟ್ಟು ಕಳಿಸುತ್ತಿದ್ದರು. ಕಾಲುವೆ ಬಂತು, ಕಬ್ಬು ಬಂತು, ಚೀಲದ ಗೊಬ್ಬರ ಬಂತು. ಬೀಳು ಹೊಲವೇ ಇಲ್ಲದ ಊರಿನಲ್ಲಿ ಕುರಿ ಎಲ್ಲಿ ಮೇಯಬೇಕು? ಎಲ್ಲೆಲ್ಲೂ ಹಸಿರಾದ ವರ್ಷವೇ ಅವರು ಹಿಂಡು ಮಾರಿದರು. ಮೈದುನ ಮಾಳಿಂಗ ಮಾತ್ರ ಹಟಕ್ಕೆ ಬಿದ್ದು ನಾಕು ಕುರಿ ಇಟ್ಟುಕೊಂಡ. ಅವನ ಮನೆಯ ಉಣ್ಣೆಯೇ ಇವಳ ಕೈಗೆ ಬರುವುದು.

ಅವಳು ಕೆಲಸ ಕೇಳಲು ಬಂದ ದಿನ ನಾನಿದ್ದೆ. ಆಗ ನಮ್ಮಲ್ಲಿ ಹೆಣ್ಣು ಗಾರ್ಡುಗಳಿರಲಿಲ್ಲ. ಶ್ರೀಶೈಲಪ್ಪನವರು ಕನ್ನಡಕದ ಮೇಲಿಂದ ನೋಡಿ, ಕಳ್ಳ ಬಂದರೆ ಏನು ಮಾಡುತ್ತಿ ಅಂತ ಕೇಳಿದರು.

"ತೋಳ ಬಂದಾಗ ಏನ ಮಾಡ್ತಿದ್ವೋ ಅದನ್ನ ಮಾಡೂದ್ರಿ," ಅಂದಳು.

ಅವರು ನಕ್ಕು ಅವಳನ್ನು ಮುದ್ದೇಬಿಹಾಳ ರಸ್ತೆಯ ಕಾಂಪ್ಲೆಕ್ಸಿಗೆ ಹಾಕಿದರು. ಕೆಳಗೆ ಬಟ್ಟೆ ಅಂಗಡಿ, ಮೇಲೆ ರಕ್ತ ತಪಾಸಣೆಯ ಲ್ಯಾಬು, ಅದರ ಮೇಲೆ ಟ್ಯೂಷನ್ ಕ್ಲಾಸು. ಕಂಪನಿ ಕೊಟ್ಟ ಪ್ಯಾಂಟು ಗಂಡಸರ ಅಳತೆಯದು. ಅದನ್ನು ತೊಟ್ಟು ನಿಂತ ಮೊದಲ ವಾರ ರಸ್ತೆಯ ಮಂದಿ ನಿಂತು ನಿಂತು ನೋಡಿದರು. ಅವಳೂ ನಿಂತು ನಿಂತು ಅವರನ್ನೇ ನೋಡಿದಳು. ಮಂದಿಗೇ ಮೊದಲು ಬೇಸರ ಬಂತು.

ಚೇತನಕುಮಾರ ತಪಾಸಣೆಗೆ ಹೋಗಿ ಕದಿರು ಕಂಡಿದ್ದು ಅವರು ಬಂದ ಹೊಸದರಲ್ಲಿ. ಗಾರ್ಡಿನ ಕೈಯಲ್ಲಿ ಕೋಲು ಬಿಟ್ಟು ಬೇರೇನೂ ಇರಕೂಡದು ಅಂದರು. ಇದರಿಂದ ದುಡ್ಡು ಬರುತ್ತದೇನು ಅಂತ ಕೇಳಿದರು. ಇಲ್ಲ ಅಂದಳು. ದೇವರ ಹರಕೆಯೇನು ಅಂತ ಕೇಳಿದರು. ಅದೂ ಇಲ್ಲ ಅಂದಳು. ಹಾಗಾದರೆ ಯಾಕೆ ಅಂದಿದ್ದಕ್ಕೆ, "ಕೈ ಸುಮ್ಮನ ಇದ್ದೂ ಅಂದ್ರ ಕಣ್ಣು ಮುಚ್ಕೊಂತಾವ್ರಿ," ಅಂದಳಂತೆ. ಮೊಬೈಲಿನಲ್ಲಿ ಮುಳುಗಿದ ಗಾರ್ಡುಗಳನ್ನು ಬಿಟ್ಟು, ತಲೆ ಎತ್ತಿಕೊಂಡು ನಿಂತಿದ್ದ ಒಬ್ಬಳನ್ನೇ ಇವರು ಹಿಡಿದಿದ್ದು ನೋಡಿ ನನಗೆ ಮೈ ಉರಿಯಿತು. ಮೊಬೈಲಿಗೆ ಅವರು ಏನೂ ಅನ್ನುವಂತಿರಲಿಲ್ಲ. ಗಂಟೆಗೊಂದು ಫೋಟೋ ಬೇಕಲ್ಲ.

ಕದಿರನ್ನು ಕಸಿದುಕೊಂಡು ಬಂದು ತಮ್ಮ ಡ್ರಾದಲ್ಲಿ ಹಾಕಿ ಬೀಗ ಜಡಿದರು. ಮರುದಿನ ಅವಳ ಫೋಟೋದಲ್ಲಿ ಹೊಸ ಕದಿರು. ಅದನ್ನೂ ತಂದರು. ಅದರ ಮರುದಿನ ಮತ್ತೊಂದು, ಬಿಲ್ಲೆಗೆ ಬದಲು ಹಂಚಿನ ಚೂರು. ಆಮೇಲೆ ತೆಂಗಿನ ಕರಟದ್ದು. ಆಮೇಲೊಂದು ಯಾವುದೋ ಡಬ್ಬಿಯ ಮುಚ್ಚಳದ್ದು. ಕಡ್ಡಿಗೂ ಕರಟಕ್ಕೂ ಊರಿನಲ್ಲಿ ಬರವೇ? ಡ್ರಾ ತುಂಬಿ, ಚೇತನಕುಮಾರ ತಮ್ಮ ಊಟದ ಡಬ್ಬಿಯನ್ನು ನನ್ನ ಮೇಜಿನ ಮೇಲೆ ಇಡತೊಡಗಿದರು. ಕೊನೆಗೊಮ್ಮೆ ಅವಳನ್ನು ಕರೆಸಿ, ಇನ್ನೊಂದು ಕದಿರು ಕಂಡರೆ ಕೆಲಸದಿಂದ ತೆಗೆಯುವುದಾಗಿ ಹೇಳಿದರು. ಅದು ಬರೀ ಗದರಿಕೆ ಆಗಿರಲಿಲ್ಲ. ಗಂಡ ಸಿದ್ಧರಾಮನಿಗೆ ಸೊಂಟ ಬಿದ್ದುಹೋಗಿ ಅವನು ಹೊರಸಿನ ಮೇಲಿದ್ದ. ಮಗಳು ಕಾವೇರಿ ಇನ್ನೂ ಓದುತ್ತಿದ್ದಳು. ಮನೆಯಲ್ಲಿ ಹೊರಗೆ ಹೋಗಿ ದುಡಿಯುವವಳು ಇವಳೊಬ್ಬಳೇ. ನೂಲು ಬಿಡಬೇಕು, ಇಲ್ಲ ಗೇಟು ಬಿಡಬೇಕು ಅಂತಾಯಿತು. ಅವಳು ಕೇಳಿಸಿಕೊಂಡು, ಹೌದ್ರಿ ಅಂತ ಹೇಳಿ ಹೋದಳು. ಆ ಹೌದು ಯಾವುದಕ್ಕೆ ಹೌದು ಅಂತ ಚೇತನಕುಮಾರರಿಗೆ ತಿಳಿಯಲಿಲ್ಲ, ಕೇಳಲಿಕ್ಕೆ ಧೈರ್ಯವೂ ಬರಲಿಲ್ಲ.

ಅವರು ಆ ಮಾತನ್ನು ನಡೆಸುವ ಮೊದಲೇ ವಿಜಯಪುರದ ಬಿಲ್ಡರ್ ಒಬ್ಬರ ದೊಡ್ಡ ಕೆಲಸ ನಮ್ಮ ಕಡೆ ತಿರುಗುವ ಹಾಗೆ ಕಂಡಿತು. ಕಂಪನಿಗೆ ವೆಬ್‌ಸೈಟ್ ಬೇಕು, ಅದರಲ್ಲಿ 'ನಮ್ಮ ಜನ, ಅವರ ಕೆಲಸ, ಅವರ ಹವ್ಯಾಸ' ಅಂತೊಂದು ಪುಟ ಬೇಕು ಅಂತ ಚೇತನಕುಮಾರ ಮಾಲೀಕರನ್ನು ಒಪ್ಪಿಸಿದರು. 'ನಮ್ಮವರ ಹವ್ಯಾಸವೇ ನಮ್ಮ ಹೆಮ್ಮೆ' ಅಂತ ಅದಕ್ಕೆ ತಲೆಬರಹ ಟೈಪ್ ಮಾಡಿದವಳು ನಾನೇ. ವಾರ್ಷಿಕ ಕೂಟಕ್ಕೆ ಮುದ್ದೇಬಿಹಾಳದ ಕಲ್ಯಾಣ ಮಂಟಪ ಸಿಕ್ಕಿತು, ಫೋಟೋ ತೆಗೆಯುವವರು ಬಂದರು, ಬಿಲ್ಡರ್ ಸಾಹೇಬರು ಮುಂದಿನ ಸೋಫಾದಲ್ಲಿ ಕೂತರು. ಕಾಸಿಂಸಾಬನಿಗೆ ಪಾರಿವಾಳ ತರಲು ಹೇಳಿದ್ದರು. ಅದು ವೇದಿಕೆ ಹತ್ತಿದ ಕೂಡಲೇ ಹಾರಿ ಚಾವಣಿಯ ಜೂಮರ್ ದೀಪದ ಮೇಲೆ ಕೂತು, ಊಟ ಮುಗಿಯುವವರೆಗೂ ಕೆಳಗಿಳಿಯಲಿಲ್ಲ.

ಇಂದ್ರಾಬಾಯಿಯನ್ನು ಮಾತ್ರ ಚೇತನಕುಮಾರ ವಾರ ಮೊದಲೇ ತಾವಾಗಿ ಆರಿಸಿದ್ದರು. ಇಳಕಲ್ ಸೀರೆ ಉಟ್ಟು ನೂಲಬೇಕು, ಮಣ್ಣಿನ ಸೊಗಡು ಬರಬೇಕು ಅಂದಿದ್ದರು. ಅವಳು ಗಾರ್ಡಿನ ಡ್ರೆಸ್ಸಿನಲ್ಲೇ ಬರುತ್ತೇನೆ ಅಂದಳು. ಡ್ರೆಸ್ಸು ಬೇಡ, ನಮ್ಮ ಗಾರ್ಡುಗಳು ಡ್ಯೂಟಿಯಲ್ಲಿ ನೂಲುತ್ತಾರೆ ಅಂತ ಬಿಲ್ಡರ್ ತಿಳಿದಾರು ಅಂತ ಇವರು. ನಾಚಿಕೆ ಮಾನ ಮೂರಾಬಟ್ಟೆ ಅಂದರೆ ಇದೇ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ. ಕೂಟದ ದಿನ ಅವರು ಡ್ರಾದಿಂದ ಎಲ್ಲಕ್ಕಿಂತ ಚೆಂದದ ಕದಿರನ್ನು ಆರಿಸಿ, ಒರೆಸಿ, ಅವಳ ಕೈಗೆ ಕೊಟ್ಟು ವೇದಿಕೆಗೆ ಕಳಿಸಿದರು. ಅವಳು ನೀಲಿ ಡ್ರೆಸ್ಸು, ಟೊಪ್ಪಿಗೆ, ಬೂಟು ಎಲ್ಲ ಹಾಕಿಕೊಂಡೇ ಬಂದಿದ್ದಳು. ಎಲ್ಲರ ಮುಂದೆ ಬಯ್ಯಲಾರದೆ ಚೇತನಕುಮಾರ ಹಲ್ಲು ಕಿರಿದರು.

ಮೈಕು ಹಿಡಿದವನು, ನಿಮ್ಮ ಹವ್ಯಾಸದ ಬಗ್ಗೆ ಎರಡು ಮಾತು ಹೇಳ್ರಿ ಅಂದ. ಇಂದ್ರಾಬಾಯಿ ಕದಿರನ್ನು ಎತ್ತಿ ಹಿಡಿದಳು. ಅವಳ ದನಿ ಮೈಕಿಲ್ಲದೆಯೂ ಬಯಲು ದಾಟುವ ದನಿ. ಮೈಕಿನಲ್ಲಿ ಮಂಟಪವೇ ತುಂಬಿತು.

"ಇದು ಜಪ್ತಿ ಮಾಲು ಐತ್ರಿ. ಮ್ಯಾನೇಜರ್ ಸಾಹೇಬ್ರ ಡ್ರಾದಾಗ ಇಂಥಾವು ಇನ್ನೂ ಅದಾವು. ಗೇಟಿನ್ಯಾಗ ತಪ್ಪು ಆಗಿದ್ದು ಇಲ್ಲಿ ಫೋಟೋಕ್ಕ ಹೆಂಗ ಚಂದ ಆಕ್ಕೈತ್ರಿ? ಎರಡೂ ಕಡೆ ಒಂದ ಮಾತು ಆಡ್ರಿ, ನಾ ಈಗ ಇಲ್ಲೇ ನೂಲ್ತೇನಿ."

ಅವಳು ಉತ್ತರಕ್ಕೆ ಕಾದಳು, ನಿಜವಾಗಿ ಕಾದಳು. ಮಾಲೀಕರ ಮುಖ ನೋಡಿದಳು. ಶ್ರೀಶೈಲಪ್ಪನವರು ಆಮೇಲೆ ನೋಡೋಣ ಅನ್ನುವ ಹಾಗೆ ಕೈ ಆಡಿಸಿದರು. ಅವಳು ಕದಿರನ್ನು ಮಾಲೀಕರ ಮುಂದಿನ ಹೂಗುಚ್ಛದ ಪಕ್ಕ ಇಟ್ಟು, ಇಳಿದು ಬಂದು ಊಟದ ಸಾಲಿನಲ್ಲಿ ಕೂತಳು. ನಾನು ಬೇಕೆಂದೇ ಅವಳ ಪಕ್ಕದಲ್ಲಿ ಕೂತೆ. ಹೋಳಿಗೆ ಚೆನ್ನಾಗಿತ್ತು, ಇಬ್ಬರೂ ಕೇಳಿ ಹಾಕಿಸಿಕೊಂಡು ಉಂಡೆವು.

ಸೋಮವಾರ ಅವಳನ್ನು ಆಫೀಸಿಗೆ ಕರೆಸಿದರು. ಮಾಲೀಕರು, ಮ್ಯಾನೇಜರು ಒಂದು ಕಡೆ, ಅವಳು ಎದುರಿಗೆ. ಕೂರು ಅಂತ ಯಾರೂ ಅನ್ನದಿದ್ದರೂ ಕುರ್ಚಿ ಎಳೆದುಕೊಂಡು ಕೂತಳು. ತಪ್ಪಾಯಿತು, ಇನ್ನು ಮುಂದೆ ಕದಿರು ತರುವುದಿಲ್ಲ ಅಂತ ಬರೆದುಕೊಟ್ಟರೆ ಡ್ಯೂಟಿ ಉಂಟು, ಇಲ್ಲದಿದ್ದರೆ ಇಲ್ಲ ಅಂತ ಚೇತನಕುಮಾರ ಹೇಳಿದರು. ಹೇಳುವಾಗ ಅವಳ ಕಡೆ ನೋಡಲಿಲ್ಲ, ನನ್ನ ಕಂಪ್ಯೂಟರ್ ಕಡೆ ನೋಡಿದರು.

"ತಪ್ಪು ನಾ ಮಾಡಿಲ್ರಿ," ಅಂದಳು ಇಂದ್ರಾಬಾಯಿ. "ನಾ ಯಾಕ ಬರದು ಕೊಡ್ಲಿ? ನೀವ ಬರದು ಕೊಡ್ರಿ. ಉಣ್ಣಿ ನೂತಳು, ಅದಕ್ಕ ಕೆಲಸದಿಂದ ತೆಗದೀವಿ ಅಂತ. ಕಂಪನಿ ಸಿಕ್ಕಾ ಹಾಕಿ ಕೊಡ್ರಿ, ತಗೊಂಡು ಹೊಕ್ಕೇನಿ."

ಚೇತನಕುಮಾರ ನನಗೆ ಟೈಪ್ ಮಾಡಲು ಸನ್ನೆ ಮಾಡಿದರು. ನಾನು ತಾರೀಖು ಹಾಕಿ, ಕಾರಣ ಏನಂತ ಬರೆಯಲಿ ಸರ್ ಅಂತ ಕೇಳಿದೆ. ಅಶಿಸ್ತು ಅಂದರು. ಇಂದ್ರಾಬಾಯಿ ಒಪ್ಪಲಿಲ್ಲ. ಯಾವಾಗ ಮಲಗಿದ್ದೆ, ನನ್ನ ಗೇಟಿನಿಂದ ಏನು ಕಳುವಾಯಿತು, ಯಾರು ಕಣ್ಣು ತಪ್ಪಿಸಿ ಒಳಗೆ ಹೋದರು, ಅದನ್ನೂ ಹಾಕಿ ಅಂದಳು. ಹಾಕಲು ಅವರ ಹತ್ತಿರ ಏನಿತ್ತು? ಏನೂ ಇರಲಿಲ್ಲ. ಇದ್ದಿದ್ದು ಉಣ್ಣೆ ಒಂದೇ. ಮಾಲೀಕರು ವ್ಯಾಪಾರ ಮಾಡಿದವರು; ಕಾಗದ ಎಂಬುದು ಒಮ್ಮೆ ಕೈ ಬಿಟ್ಟರೆ ವಿಜಯಪುರದವರೆಗೂ ಹೋದೀತು ಅಂತ ಅವರಿಗೆ ಗೊತ್ತು. ಹವ್ಯಾಸವೇ ಹೆಮ್ಮೆ ಅಂತ ಪುಟ ಹಾಕಿದ ಕಂಪನಿ ನೂತವಳನ್ನು ತೆಗೆಯಿತು ಅಂತ ಮೊಹರು ಹಾಕಿ ಕೊಡುವುದು ಹೇಗೆ? ಅವರ ದನಿ ಮೆತ್ತಗಾಯಿತು.

"ಅಷ್ಟೆಲ್ಲಾ ಬರಿಯೂದು ಯಾಕ ಬೇಕಬೇ," ಅಂದರು. "ಬಾಯಿಲೆ ಹೇಳಾಕತ್ತೇವಲ್ಲ."

ಇಂದ್ರಾಬಾಯಿ ಎದ್ದು ನಿಂತಳು. ಅವಳಿಗೆ ಸಿಟ್ಟು ಬಂದಾಗ ದನಿ ಏರುವುದಿಲ್ಲ, ಇಳಿಯುತ್ತದೆ. ಕೆಳಗಿನ ಟೈರ್ ಅಂಗಡಿಯ ಗಾಳಿ ಯಂತ್ರದ ಸದ್ದಿನಲ್ಲಿ ನಾವೆಲ್ಲ ಕಿವಿಗೊಟ್ಟು ಕೇಳಬೇಕಾಯಿತು.

"ಬರಿಯಾಕ ನಾಚಿಕಿ ಬರೂ ಮಾತು, ಆಡಾಕ ಬರೂದಿಲ್ಲೇನ್ರಿ?"

ಶ್ರೀಶೈಲಪ್ಪನವರು ಕನ್ನಡಕ ತೆಗೆದು ಒರೆಸತೊಡಗಿದರು. ಅವಳು, ಬರೆಯುವ ಧೈರ್ಯ ಬಂದ ದಿನ ಕಾಗದವನ್ನು ಗೇಟಿಗೇ ಕಳಿಸಿರಿ, ಅಲ್ಲಿಯವರೆಗೆ ನಾನು ಅಲ್ಲೇ ಇರುತ್ತೇನೆ ಅಂತ ಹೇಳಿ, ಡ್ಯೂಟಿಗೆ ಹೊತ್ತಾಯಿತೆಂದು ಹೊರಟಳು. ಮಾಲೀಕರು ಮ್ಯಾನೇಜರನ್ನು ನೋಡಿದರು, ಮ್ಯಾನೇಜರು ಮಾಲೀಕರನ್ನು ನೋಡಿದರು.

ನನ್ನ ಪರದೆಯ ಮೇಲೆ ತಾರೀಖೊಂದೇ ಮಿಣುಕುತ್ತಿತ್ತು. ಅದನ್ನು ನಾನು ಅಳಿಸಿದೆ. ಆ ದಿನದ ಡ್ಯೂಟಿ ಪಟ್ಟಿ ತೆರೆದು, ಮುದ್ದೇಬಿಹಾಳ ರಸ್ತೆಯ ಕಾಂಪ್ಲೆಕ್ಸಿನ ಮುಂದೆ ಇಂದ್ರಾಬಾಯಿ ಅಂತ ಹಾಕಿದೆ. ಯಾರನ್ನೂ ಕೇಳಲಿಲ್ಲ.