ಹವಳದ ತೊಟ್ಟಿ ಮತ್ತು ತಾಮ್ರದ ಕೊಡ

ಹಾಸನದಲ್ಲಿ ನಾನು ಮೀನಿನ ತೊಟ್ಟಿಗಳ ಅಂಗಡಿ ಇಟ್ಟಿದ್ದ ಕಾಲ. ಹೊಳೆನರಸೀಪುರದ ಮೇಷ್ಟ್ರೊಬ್ಬರ ಮನೆಯಲ್ಲಿ ಜೀವಂತ ಹವಳ ಸಾಕಲು ಪುಟ್ಟದೊಂದು ಉಪ್ಪುನೀರಿನ ತೊಟ್ಟಿ ಕೂರಿಸಿಕೊಟ್ಟಿದ್ದೆ. ಎರಡೇ ತಿಂಗಳಿಗೆ ಹವಳ ಬಿಳಚಿಕೊಂಡು ಮುದುಡುತ್ತಿದೆ ಅಂತ ಫೋನ್ ಬಂತು. ಹೋಗಿ ಉಪ್ಪು, ಬಿಸಿ, ಬೆಳಕು ಎಲ್ಲ ನೋಡಿದೆ. ಎಲ್ಲವೂ ಸರಿಯಾಗಿಯೇ ಇತ್ತು. ಕಾರಣ ಸಿಗದೆ ನನ್ನ ಮರ್ಯಾದೆ ಹೋಗುವ ಹಾಗಾಯಿತು. ಅಲ್ಲೇ ನೆಲ ಒರೆಸುತ್ತಿದ್ದ ಕೆಲಸದ ಜಯಮ್ಮನ ಮೇಲೆ ಹರಿಹಾಯ್ದೆ.

“ತೊಟ್ಟಿಯೊಳಗೆ ಸೋಪಿನ ಕೈ ಅದ್ದಿದೀಯ ತಾನೆ?”

“ಇಲ್ಲ ಕಣ್ ಸಾ, ನಾನು ಅದ್ರ ತಾವ್ಕೂ ಓಗಾಕಿಲ್ಲ.”

“ಸುಳ್ಳು ಹೇಳಬೇಡ,” ಅಂದೆ, ಮನೆಯವರೆಲ್ಲರ ಎದುರಿಗೆ.

ಅಷ್ಟರಲ್ಲಿ ಮೇಷ್ಟ್ರ ತಾಯಿ ಮಡಿಯುಟ್ಟು, ದೇವರ ಮನೆಯಿಂದ ತಾಮ್ರದ ಕೊಡ ಎತ್ತಿಕೊಂಡು ಬಂದರು. ಆವಿಯಾಗಿ ಎಷ್ಟು ತಗ್ಗಿತ್ತೋ ಅಷ್ಟು ನೀರನ್ನು ತೊಟ್ಟಿಗೆ ನಿಧಾನವಾಗಿ ಸುರಿದರು.

“ಮನೇಲಿರೋ ಶುದ್ಧವಾದ ನೀರೇ ಹಾಕಿ ಅಂತ ನೀವೇ ಹೇಳಿದ್ರಲ್ಲಪ್ಪ. ದಿನಾ ಈ ಕೊಡದಿಂದಲೇ ಹಾಕ್ತೀನಿ. ನಿನ್ನೆಯಿಂದ ದೇವರ ಮುಂದೆ ಇಟ್ಟಿದ್ದ ನೀರು ಇದು.”

ತಾಮ್ರ ಹವಳಕ್ಕೆ ವಿಷ ಅಂತ ನನಗೆ ಗೊತ್ತಿತ್ತು. ಅವರಿಗೆ ಹೇಳಿರಲಿಲ್ಲ, ಅಷ್ಟೇ. ತಪ್ಪು ನನ್ನದೇ ಅಂತ ಗೊಣಗಿ, ಇನ್ನು ಮೇಲೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರಿಡಿ ಅಂದೆ. ಜಯಮ್ಮನ ಕಡೆ ನೋಡಲಾಗಲಿಲ್ಲ. ಅವಳೇ ಒಳಗಿಂದ ಬಕೆಟ್ ತಂದು ನನ್ನ ಮೂಗಿನ ಹತ್ತಿರ ಹಿಡಿದಳು.

“ಮೂಸ್ನೋಡಿ ಸಾ. ಸೋಪಿನ ವಾಸ್ನೆ ಐತಾ?”

ತಪ್ಪಾಯ್ತಮ್ಮ ಅನ್ನುವುದಕ್ಕಿಂತ ಅದೇ ಸುಲಭ ಅನ್ನಿಸಿ, ಬಗ್ಗಿ ಮೂಸಿದೆ.